ಬ್ಯಾಗ್ ಕಾಯುವವಳು

ಎಂಟು ಬ್ಯಾಗು, ಆರು ಜೊತೆ ಚಪ್ಪಲಿ, ಮೂರು ಕನ್ನಡಕ. 2023ರ ಬೇಸಿಗೆ ರಜೆಯಲ್ಲಿ ಮೈಸೂರು ಕಡೆಯ ಒಂದು ಅಮ್ಯೂಸ್‌ಮೆಂಟ್ ಪಾರ್ಕಿನ ಸಿಮೆಂಟ್ ಬೆಂಚಿನ ಮೇಲೆ ಇಷ್ಟನ್ನೂ ಕಾಯುತ್ತಾ ಕೂತಿದ್ದೆ. ನಮ್ಮವರು, ಅಣ್ಣ, ಅತ್ತಿಗೆ, ಮಕ್ಕಳು ಎಲ್ಲರೂ ರೋಲರ್ ಕೋಸ್ಟರ್ ಸಾಲಿನಲ್ಲಿದ್ದರು. ಯಾವ ಪ್ರವಾಸಕ್ಕೆ ಹೋದರೂ ಬ್ಯಾಗ್ ಕಾಯುವ ಕೆಲಸ ನನ್ನದು. ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಎಲ್ಲರೂ ತಂದು ನನ್ನ ಪಕ್ಕ ಇಟ್ಟು ಹೋಗುತ್ತಾರೆ. ಕಾಲೇಜಿನಲ್ಲಿದ್ದಾಗ, 2006ರಲ್ಲಿ, ಬಿಡದಿ ಹತ್ತಿರದ ವಂಡರ್‌ಲಾಗೆ ಪ್ರವಾಸ ಹೋಗಿದ್ದೆವು. ಅದು ಶುರುವಾಗಿ ಆಗಿನ್ನೂ ಒಂದು ವರ್ಷ. ಹಾಸ್ಟೆಲಿನಲ್ಲಿ ವಾರವಿಡೀ ಅದರದೇ ಮಾತು. ಅಲ್ಲೂ ಇಡೀ ದಿನ ಬೆಂಚಿನ ಮೇಲೇ ಇದ್ದೆ. ಗೆಳತಿಯರು ಒದ್ದೆ ಕೂದಲಲ್ಲಿ ನಗುತ್ತಾ ಬಂದು ಬಾಟಲಿ ಎತ್ತಿ ನೀರು ಕುಡಿದು ಮತ್ತೆ ಓಡಿಹೋಗುವುದನ್ನು ನೋಡುತ್ತಾ.

ಈ ಸಲ ಮಾತ್ರ ಬೇರೆಯೇ ಒಂದು ಸಂಗತಿ ನಡೆಯಿತು. ಹನ್ನೊಂದು ವರ್ಷದ ಮಗಳು ಸಾಲು ಬಿಟ್ಟು ವಾಪಸ್ ಬಂದಳು.

"ಏನಾಯ್ತು ಪುಟ್ಟಿ?"

"ನಂಗೂ ಬೇಡಮ್ಮಾ. ನಿನ್ನ ಜೊತೆ ಕೂರ್ತೀನಿ."

ಒಂದು ತಿಂಗಳಿಂದ ಮನೆಯಲ್ಲಿ ಅದೊಂದನ್ನೇ ಜಪ ಮಾಡಿದ್ದ ಹುಡುಗಿ. ಪಕ್ಕದಲ್ಲಿ ಕೂತು ಚಿಪ್ಸ್ ಪ್ಯಾಕೆಟ್ ಒಡೆದಳು, ತಿನ್ನಲಿಲ್ಲ. ಕಣ್ಣು ಮೇಲಿನ ಹಳಿಯ ಮೇಲೇ ಇತ್ತು. ಮಂಡಿ ಒಂದೇ ಸಮನೆ ಕುಣಿಯುತ್ತಿತ್ತು. ನಾನು ಅವಳಿಗೆ ಹೋಗಬೇಡ ಅಂತ ಒಂದು ದಿನವೂ ಹೇಳಿರಲಿಲ್ಲ. ಆದರೆ ಅವಳು ಸಾಲಿಗೆ ಹೊರಟಾಗ ಮಣಿಕಟ್ಟು ಹಿಡಿದುಕೊಂಡಿದ್ದೆ. ಬಿಡಬೇಕಾದ್ದಕ್ಕಿಂತ ಸ್ವಲ್ಪ ತಡವಾಗಿ ಬಿಟ್ಟಿದ್ದೆ. "ಹುಷಾರು" ಅಂದಿದ್ದೆ, ಮೂರು ಸಲ. ಅಷ್ಟೇ ಸಾಕಾಯಿತು. ನನ್ನ ಕೈಯಲ್ಲಿದ್ದ ತಣ್ಣನೆಯ ಬೆವರು ಅವಳಿಗೆ ಎಲ್ಲಾ ಹೇಳಿತ್ತು.

ಅವತ್ತು ಕುಶಾಲನಗರ ದಾಟಿ ಕತ್ತಲಲ್ಲಿ ಊರಿನ ತಿರುವುಗಳನ್ನು ಹತ್ತುವಾಗ ಅವಳು ನನ್ನ ಹೆಗಲ ಮೇಲೆ ಮಲಗಿದ್ದಳು. ನನಗೆ ನಿದ್ದೆ ಬರಲಿಲ್ಲ. ಅಮ್ಮನ ಮೂಗು, ಅಮ್ಮನ ಕೂದಲು ಮಗಳಿಗೆ ಬಂದರೆ ಸಂತೋಷ. ಇದೂ ಬರಬೇಕಾ?

ನನ್ನ ಹೆದರಿಕೆಗೆ ಒಂದು ಹುಟ್ಟಿದ ದಿನ ಇದೆ. 1996, ಒಂದು ಜಾತ್ರೆ. ನನಗೂ ಆಗ ಹನ್ನೊಂದೇ ವರ್ಷ. ಸಂಜೆ ಮಂಜು ಇಳಿಯುತ್ತಿತ್ತು. ಜೈಂಟ್ ವೀಲ್‌ಗೆ ನಾವು ತೊಟ್ಟಿಲು ಅನ್ನುತ್ತಿದ್ದೆವು. ಎದುರುಬದುರು ಎರಡು ಸೀಟು, ಮುಂದೆ ಅಡ್ಡಕ್ಕೆ ಒಂದು ಕಬ್ಬಿಣದ ಸರಳು, ಅದಕ್ಕೊಂದು ಕೊಂಡಿ. ನಮ್ಮ ತೊಟ್ಟಿಲಿನ ಕೊಂಡಿ ಸರಿಯಾಗಿ ಕೂರುತ್ತಿರಲಿಲ್ಲ. ಅಲ್ಲಿದ್ದ ಹುಡುಗ ಒಂದು ನೀಲಿ ಪ್ಲಾಸ್ಟಿಕ್ ಹಗ್ಗ ಸುತ್ತಿ ಗಂಟು ಹಾಕಿದ. ಹಗ್ಗದ ತುದಿ ಎಳೆ ಎಳೆಯಾಗಿ ಬಿಚ್ಚಿಕೊಂಡಿತ್ತು. ನಾವು ತುತ್ತತುದಿಗೆ ಹೋದಾಗ ಜನರೇಟರ್ ನಿಂತಿತು. ದೀಪ ಆರಿತು, ಹಾಡು ನಿಂತಿತು, ಕೆಳಗಿನ ಗದ್ದಲ ಒಂದು ಕ್ಷಣ ಸುಮ್ಮನಾಯಿತು. ಆಗ ಚಿಕ್ಕಪ್ಪನ ಮಗ ತಮಾಷೆಗೆ ತೊಟ್ಟಿಲು ತೂಗತೊಡಗಿದ. ನಾನು ಅತ್ತಷ್ಟೂ ಜೋರಾಗಿ ತೂಗಿದ. ಎಷ್ಟು ಹೊತ್ತೋ ಗೊತ್ತಿಲ್ಲ, ಆ ನೀಲಿ ಗಂಟು ಕಣ್ಣ ಮುಂದೆ ಹಿಂದೆ ಮುಂದೆ ಆಡುತ್ತಿತ್ತು, ಅದನ್ನು ನೋಡುವುದು ಬಿಟ್ಟು ನನ್ನಿಂದ ಬೇರೇನೂ ಆಗುತ್ತಿರಲಿಲ್ಲ. ಅಪ್ಪ ಕೆಳಗಿನಿಂದ ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಮಂಜಿನಲ್ಲಿ ಅವರು ಕಾಣುತ್ತಿರಲಿಲ್ಲ. ಇಳಿದ ಮೇಲೆ ಎಲ್ಲರೂ ನಕ್ಕರು, ನನ್ನ ಒದ್ದೆ ಲಂಗ ನೋಡಿ ಇನ್ನೂ ನಕ್ಕರು. ಅಪ್ಪ ನಗಲಿಲ್ಲ. ತಮ್ಮ ಶಾಲು ತೆಗೆದು ನನ್ನ ಸೊಂಟಕ್ಕೆ ಸುತ್ತಿ ಕಟ್ಟಿದರು.

"ಕೊಡಗಿನಲ್ಲಿ ಹುಟ್ಟಿ ಎತ್ತರಕ್ಕೆ ಹೆದರ್ತೀಯಾ?" ಅಂತ ಮೈಸೂರಿನ ಗೆಳತಿ ಒಮ್ಮೆ ಕೇಳಿದಳು. ಎತ್ತರಕ್ಕೆ ನಾನು ಹೆದರಿದವಳೇ ಅಲ್ಲ. ನಮ್ಮದು ಸುಂಟಿಕೊಪ್ಪ ಕಡೆಯ ಸಣ್ಣ ತೋಟ. ಕಾಫಿ, ನೆರಳಿಗೆ ಸಿಲ್ವರ್ ಮರ, ಮರಕ್ಕೆ ಹಬ್ಬಿದ ಕರಿಮೆಣಸು. ಫೆಬ್ರವರಿ, ಮಾರ್ಚ್‌ನಲ್ಲಿ ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾಗುತ್ತಿದ್ದ ಹಾಗೆ ಕೊಯ್ಲು ಶುರು. ನಮ್ಮ ಏಣಿ ನೋಡಿದ್ದೀರಾ? ಒಂದೇ ಬಿದಿರು. ಗಿಣ್ಣಿನ ಹತ್ತಿರ ಕೊಂಬೆಯನ್ನು ನಾಲ್ಕು ಬೆರಳಷ್ಟು ಬಿಟ್ಟು ಕಡಿದಿರುತ್ತಾರೆ, ಅದೇ ಮೆಟ್ಟಿಲು. ಕಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಬಿದಿರು ಸಿಕ್ಕಬೇಕು. ಒಂದು ಕೈ ಯಾವಾಗಲೂ ಹಿಡಿದಿರಬೇಕು, ಇನ್ನೊಂದು ಕೈ ಕೊಯ್ದು ಸೊಂಟದ ಚೀಲಕ್ಕೆ ಹಾಕಬೇಕು. ಕೆಲಸದವರು ಮರದ ತಲೆಯವರೆಗೂ ಹೋಗುತ್ತಾರೆ. ಹದಿನೇಳನೇ ವಯಸ್ಸಿನಲ್ಲಿ ನಾನೂ ಇಪ್ಪತ್ತು ಅಡಿ ಹತ್ತಿ ಕೊಯ್ದಿದ್ದೇನೆ. ಗಾಳಿ ಬಂದರೆ ಮರವೂ ಏಣಿಯೂ ನಾನೂ ಒಟ್ಟಿಗೆ ತೂಗುತ್ತಿದ್ದೆವು. ಭಯ ಇತ್ತು, ಆದರೆ ಅದು ಕೈಗೆ ಬುದ್ಧಿ ಹೇಳುವ ಭಯ. ಗಟ್ಟಿ ಹಿಡಿ, ಕಾಲು ಊರು, ಜಾಸ್ತಿ ಬಾಗಬೇಡ.

ರೈಡ್‌ನಲ್ಲಿ ಕೈಗೆ ಕೆಲಸವೇ ಇಲ್ಲ. ಯಾರೋ ಕೂರಿಸುತ್ತಾರೆ, ಯಾರೋ ಬಾರ್ ಇಳಿಸುತ್ತಾರೆ, ಯಾರೋ ಗುಂಡಿ ಒತ್ತುತ್ತಾರೆ. ಆಮೇಲೆ ನಾನು ಏನು ಮಾಡಿದರೂ ಅದು ನಿಲ್ಲುವುದಿಲ್ಲ, ಏನೂ ಮಾಡದಿದ್ದರೂ ಬೀಳುವುದಿಲ್ಲ. ನನಗೆ ಸಹಿಸಲಾಗದೇ ಹೋದದ್ದು ಇದು. ಹೀಗೆ ಅಂತ ಅರ್ಥವಾಗಲು ನನಗೆ ಮೂವತ್ತೆಂಟು ವರ್ಷ ಬೇಕಾಯಿತು.

ಇನ್ನೊಂದೂ ಇದೆ. ಅದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. 2018ರ ಆಗಸ್ಟ್. ಮಕ್ಕಂದೂರು, ಹಟ್ಟಿಹೊಳೆ, ಕಾಲೂರು, ಆ ಕಡೆ ಜೋಡುಪಾಲ, ಗುಡ್ಡಕ್ಕೆ ಗುಡ್ಡವೇ ಜಾರಿ ಬಂದ ದಿನಗಳು. ತೋಟ, ಮನೆ, ರಸ್ತೆ ಎಲ್ಲಾ ಕೆಸರಾಗಿ ಇಳಿದವು, ಜನರ ಪ್ರಾಣ ಹೋಯಿತು. ನಮ್ಮ ಮನೆಗೆ ಏನೂ ಆಗಲಿಲ್ಲ. ಆದರೂ ಹಿಂದಿನ ದಿಣ್ಣೆಯಲ್ಲಿ ಬಿರುಕು ಕಂಡ ರಾತ್ರಿ ಮಗಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಜೀಪು ಹತ್ತಿದೆವು. ಪಿರಿಯಾಪಟ್ಟಣದ ನಾದಿನಿ ಮನೆಯಲ್ಲಿ ಹದಿನೈದು ದಿನ ಇದ್ದೆವು. ಮಗಳಿಗೆ ಆಗ ಆರು ವರ್ಷ. "ಅಮ್ಮಾ, ನಮ್ಮ ಮನೆಯೂ ಜಾರುತ್ತಾ?" ಅಂತ ರಾತ್ರಿ ಎದ್ದು ಕೇಳುತ್ತಿದ್ದಳು. ಇಲ್ಲ ಪುಟ್ಟಿ ಅನ್ನುತ್ತಿದ್ದೆ. ನನಗೇ ಗೊತ್ತಿರಲಿಲ್ಲ. ಕಾಲ ಕೆಳಗಿನ ನೆಲ ಬಿಟ್ಟುಹೋಗುವುದನ್ನು ಕಂಡ ಊರಿನಲ್ಲಿ ಅದನ್ನು ಆಟ ಅಂತ ಒಪ್ಪಿಕೊಳ್ಳಲು ಮೈ ಹಿಂಜರಿದರೆ ತಪ್ಪೇನಿದೆ? ಈಗಲೂ ಆಗಸ್ಟ್ ತಿಂಗಳ ಜೋರು ಮಳೆಗೆ ನಾನು ಎಚ್ಚರವಾಗಿಯೇ ಇರುತ್ತೇನೆ.

ಬೆಂಚಿನಿಂದ ವಾಪಸ್ ಬಂದ ವಾರ ನಾನೂ ಮಗಳೂ ಒಂದು ಮಾತು ಮಾಡಿಕೊಂಡೆವು. ಒಂದು ವರ್ಷ ಟೈಮ್. ಬಲವಂತ ಇಲ್ಲ. ಮೊದಲು ಆ ಯಂತ್ರ ಏನು ಅಂತ ತಿಳಿಯೋಣ, ಆಮೇಲೆ ಹತ್ತುವುದೋ ಬಿಡುವುದೋ ನೋಡೋಣ.

ಅವಳು ಫೋನಿನಲ್ಲಿ ಹುಡುಕಿದಳು, ನಾನು ಓದಿ ಹೇಳಿದೆ. ರಷ್ಯಾದಲ್ಲಿ ಚಳಿಗಾಲದಲ್ಲಿ ಮರದ ಅಟ್ಟ ಕಟ್ಟಿ ಅದರ ಇಳಿಜಾರಿಗೆ ನೀರು ಸುರಿದು ಹಿಮಗಟ್ಟಿಸಿ ಜಾರುತ್ತಿದ್ದರಂತೆ. ರೋಲರ್ ಕೋಸ್ಟರಿನ ಅಜ್ಜಿ ಅದು. 1884ರಲ್ಲಿ ಅಮೆರಿಕದ ಕೋನಿ ಐಲ್ಯಾಂಡ್‌ನಲ್ಲಿ ಥಾಂಪ್ಸನ್ ಅನ್ನುವವರು ಹಳಿಯ ಮೇಲೆ ಅಂಥದ್ದನ್ನು ಕಟ್ಟಿ ಟಿಕೆಟ್ ಇಟ್ಟರು. ಓಡಿದ್ದು ಗಂಟೆಗೆ ಹತ್ತು ಕಿಲೋಮೀಟರ್ ಚಿಲ್ಲರೆ ವೇಗದಲ್ಲಿ. ನಮ್ಮ ತೋಟದ ದಾರಿಯಲ್ಲಿ ಅಪ್ಪ ಜೀಪು ಓಡಿಸುವುದು ಅದಕ್ಕಿಂತ ಜೋರು. ಮಗಳಿಗೆ ಇದು ತುಂಬಾ ಹಿಡಿಸಿತು.

ನನಗೆ ನಿಜವಾಗಿ ಧೈರ್ಯ ಕೊಟ್ಟದ್ದು ಚಕ್ರದ ವಿಷಯ. ಗಾಡಿ ಹಳಿಯ ಮೇಲೆ ಸುಮ್ನೆ ಕೂತಿರುತ್ತದೆ, ಜೋರಾಗಿ ಹೋದರೆ ಹಾರಿಬಿಡುತ್ತದೆ ಅಂತಲೇ ನಾನು ಅಂದುಕೊಂಡಿದ್ದೆ. ಹಾಗಲ್ಲ. ಹಳಿಯ ಮೇಲೆ ಒಂದು ಚಕ್ರ, ಪಕ್ಕದಲ್ಲಿ ಒಂದು, ಹಳಿಯ ಕೆಳಗೆ ಒಂದು. ಮೂರು ಕಡೆಯಿಂದ ಹಳಿಯನ್ನು ತಬ್ಬಿಕೊಂಡೇ ಓಡುತ್ತದೆ. ಆ ಕೆಳಗಿನ ಚಕ್ರಕ್ಕೆ ಜಾನ್ ಮಿಲ್ಲರ್ ಅನ್ನುವ ಎಂಜಿನಿಯರ್ 1919ರಲ್ಲಿ ಪೇಟೆಂಟ್ ಪಡೆದರು. ಏಣಿಯನ್ನು ಕಾಲ್ಬೆರಳಲ್ಲಿ ಹಿಡಿದ ಹಾಗೆ ಅಂತ ನನಗೆ ಅನಿಸಿತು. ತಲೆಕೆಳಗಾಗುವ ಸುತ್ತು ಪೂರ್ತಿ ಗುಂಡಗಿರುವುದಿಲ್ಲ, ನೀರಿನ ಹನಿಯ ಆಕಾರದಲ್ಲಿರುತ್ತದೆ. ಗುಂಡಗಿದ್ದರೆ ಒಳಗೆ ನುಗ್ಗುವಾಗ ಕತ್ತಿನ ಮೇಲೆ ಭಾರ ಒಮ್ಮೆಲೇ ಬೀಳುತ್ತದಂತೆ, ಹಳೇ ಕಾಲದವಲ್ಲಿ ಹಾಗೇ ಆಗುತ್ತಿತ್ತು.

ಆಮೇಲೆ ಆ ಸದ್ದು. ಗಾಡಿ ಮೇಲೆ ಹತ್ತುವಾಗ ಟಕ್ ಟಕ್ ಟಕ್ ಅಂತ ಬರುತ್ತದಲ್ಲ, ಅದು. ಬೆಂಚಿನ ಮೇಲೆ ಕೂತಾಗಲೂ ನನ್ನ ಎದೆ ಧಸಕ್ ಅನ್ನುತ್ತಿದ್ದದ್ದು ಆ ಸದ್ದಿಗೇ. ಏನೋ ಸಡಿಲಾಗುತ್ತಿದೆ, ಇನ್ನೇನು ಕಳಚುತ್ತದೆ ಅನಿಸುತ್ತಿತ್ತು. ಅಪ್ಪ ಜೀಪಿನ ಕೆಳಗೆ ಮಲಗಿ ಏನೋ ರಿಪೇರಿ ಮಾಡುತ್ತಿದ್ದರು. ಮಗಳು ಹೋಗಿ ವಿಡಿಯೋ ತೋರಿಸಿ ಕೇಳಿದಳು, "ತಾತಾ, ಇದೇನು ಸದ್ದು?" ಅವರು ಎರಡು ಸಲ ಕೇಳಿಸಿಕೊಂಡರು. ಎದ್ದು ಬಂದು, ಗ್ರೀಸ್ ಕೈಯಲ್ಲೇ ಹ್ಯಾಂಡ್‌ಬ್ರೇಕ್ ಹಿಡಿದು ನಿಧಾನವಾಗಿ ಎಳೆದರು. ಟಕ್. ಟಕ್. ಟಕ್.

"ಇದೇ ಅದು. ಹಲ್ಲು ಇರ್ತದೆ, ಹಲ್ಲಿಗೆ ಒಂದು ಕೊಕ್ಕೆ ಬೀಳ್ತದೆ. ಮುಂದೆ ಹೋಗಬಹುದು, ಹಿಂದೆ ಬರೋಕಾಗಲ್ಲ. ಚೈನ್ ತುಂಡಾದ್ರೂ ಅದು ಕಚ್ಚಿ ನಿಲ್ಲಿಸ್ತದೆ."

ಅಷ್ಟು ವರ್ಷ ನಾನು ಹೆದರಿದ್ದ ಸದ್ದು ನನ್ನನ್ನು ಹಿಡಿದುಕೊಳ್ಳುವ ಕೊಕ್ಕೆಯದು. ಅಂಗಳದಲ್ಲಿ ನಿಂತು ಅಪ್ಪನ ಕೈ ನೋಡುತ್ತಿದ್ದೆ. ಕಣ್ಣು ತುಂಬಿತು. ಮಗಳು ಹ್ಯಾಂಡ್‌ಬ್ರೇಕನ್ನು ಹತ್ತು ಸಲ ಎಳೆದು ಬಿಟ್ಟು ನೋಡಿದಳು.

ಹೊಟ್ಟೆಯಲ್ಲಿ ಜುಂ ಅನ್ನುವುದಕ್ಕೂ ಕಾರಣ ಸಿಕ್ಕಿತು. ಕೂತಾಗ ಸೀಟು ನಮ್ಮನ್ನು ಕೆಳಗಿನಿಂದ ಒತ್ತುತ್ತಿರುತ್ತದೆ, ಒಳಗಿನ ಕರುಳು, ಹೊಟ್ಟೆ ಎಲ್ಲಾ ಆ ಒತ್ತಡಕ್ಕೆ ಒಗ್ಗಿಕೊಂಡಿರುತ್ತವೆ. ಗಾಡಿ ಬೀಳುವಾಗ ಸೀಟೂ ನಮ್ಮ ಜೊತೆಯೇ ಬೀಳುವುದರಿಂದ ಆ ಒತ್ತಡ ಇರುವುದಿಲ್ಲ. ಬಿಗಿಯಾಗಿ ಕಟ್ಟಿಲ್ಲದ ಒಳಗಿನ ಭಾಗಗಳು ಒಂದು ಕ್ಷಣ ತೇಲಿದ ಹಾಗಾಗುತ್ತವೆ. ಕಿವಿಯೊಳಗಿನ ಸಮತೋಲನದ ಅಂಗ ಬಿದ್ದೆ ಬಿದ್ದೆ ಅಂತ ಮಿದುಳಿಗೆ ಸುದ್ದಿ ಕಳಿಸುತ್ತದೆ. ಆಗ ಎದೆ ಹೊಡೆದುಕೊಳ್ಳುವುದು, ಕೈ ಬೆವರುವುದು ಎಲ್ಲಾ ಶುರು. ವಿಚಿತ್ರ ಅಂದರೆ ತುಂಬಾ ಖುಷಿಯಾದಾಗಲೂ ಮೈಯಲ್ಲಿ ಹೆಚ್ಚುಕಡಿಮೆ ಇದೇ ಆಗುತ್ತದೆ. ಹಾರ್ವರ್ಡ್‌ನ ಅಲಿಸನ್ ವುಡ್ ಬ್ರೂಕ್ಸ್ ಅನ್ನುವ ಸಂಶೋಧಕಿ 2014ರಲ್ಲಿ ಇದರ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಹಾಡುವ ಮೊದಲು, ಭಾಷಣದ ಮೊದಲು "ನಾನು ಶಾಂತವಾಗಿದ್ದೇನೆ" ಅಂದುಕೊಂಡವರಿಗಿಂತ "ನನಗೆ ಉತ್ಸಾಹ ಬಂದಿದೆ" ಅಂತ ಬಾಯಿಬಿಟ್ಟು ಹೇಳಿಕೊಂಡವರು ಚೆನ್ನಾಗಿ ಮಾಡಿದರಂತೆ. ನಮ್ಮ ಮನೆಯಲ್ಲಿ ಇದು "ಜುಂ ಅಂತಿದೆ, ಖುಷಿ ಆಗ್ತಿದೆ" ಅಂತಾಯಿತು. ಪರೀಕ್ಷೆಯ ದಿನವೂ ಮಗಳು ಅದನ್ನೇ ಹೇಳಿಕೊಂಡು ಹೋದಳು.

ಇಷ್ಟೆಲ್ಲಾ ಓದಿದರೂ ಒಂದು ಮಾತನ್ನು ಮುಚ್ಚಿಡಲು ನನಗೆ ಮನಸ್ಸಿಲ್ಲ. ಅನಾಹುತಗಳು ಆಗಿವೆ. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ತೂಗುವ ರೈಡ್ ಮುರಿದು ಬಿದ್ದು ಜನ ಸತ್ತರು. 2022ರ ಸೆಪ್ಟೆಂಬರಿನಲ್ಲಿ ಮೊಹಾಲಿಯ ಮೇಳದಲ್ಲಿ ಮೇಲಿನಿಂದ ಇಳಿಯುವ ರೈಡ್ ದಢಾರನೆ ನೆಲಕ್ಕೆ ಬಿದ್ದಿತು. ಹಾಗಾಗಿ ನೋಡದೆ ಹತ್ತುವುದು ಧೈರ್ಯ ಅಂತ ನಾನು ಒಪ್ಪುವುದಿಲ್ಲ. ಬಾರ್ ಇಳಿಸಿದ ಮೇಲೆ ಅವರು ಒಬ್ಬೊಬ್ಬರದನ್ನೂ ಎಳೆದು ನೋಡುತ್ತಾರಾ? ಎತ್ತರ ಅಳೆದು ಮಕ್ಕಳನ್ನು ಬಿಡುತ್ತಾರಾ? ಕೊಂಡಿಯ ಜಾಗದಲ್ಲಿ ಹಗ್ಗ ಇದೆಯಾ? ಹಗ್ಗ ಕಂಡರೆ ದುಡ್ಡು ಹೋದರೂ ಸರಿ, ಇಳಿದುಬಿಡಿ. 1996ರ ಆ ಹುಡುಗಿ ಹೆದರಿದ್ದು ಸರಿಯಾಗಿಯೇ ಇತ್ತು, ಅವಳ ಮಾತನ್ನು ಯಾರೂ ಕೇಳಲಿಲ್ಲ ಅಷ್ಟೇ. ಹೃದಯದ ತೊಂದರೆ, ಬಿಪಿ, ಕತ್ತು ನೋವು ಇರುವವರು, ಬಸುರಿಯರು ಹತ್ತಲೇಬಾರದು.

ಆಮೇಲೆ ಸಣ್ಣ ಸಣ್ಣ ಹೆಜ್ಜೆ. ಹೆದರಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿ ಇಳಿಸುವ ಈ ಕ್ರಮವನ್ನು ದಕ್ಷಿಣ ಆಫ್ರಿಕಾದ ಮನೋವೈದ್ಯ ಜೋಸೆಫ್ ವೋಲ್ಪೆ 1950ರ ದಶಕದಲ್ಲೇ ರೂಪಿಸಿದ್ದರು. ನಾವು ಹಲಸಿನ ಮರದ ಉಯ್ಯಾಲೆಯಿಂದ ಶುರು ಮಾಡಿದೆವು. ಅವಳು ತೂಗಿದಳು, ನಾನು ಕಣ್ಣು ಮುಚ್ಚದೆ ಕೂತೆ. ಮುಂದೆ ಕುಶಾಲನಗರದ ಹತ್ತಿರ ಕಾವೇರಿ ನಿಸರ್ಗಧಾಮದ ತೂಗುಸೇತುವೆ. ಅದನ್ನು ನಾನು ಎಷ್ಟೋ ಸಲ ದಾಟಿದ್ದೇನೆ, ಯಾವಾಗಲೂ ಓಡಿ. ಈ ಸಲ ನಡುವೆ ನಿಂತೆ. ಶಾಲಾ ಮಕ್ಕಳ ದಂಡೊಂದು ದಡದಡ ಅಂತ ಬಂದಾಗ ಕಾಲ ಕೆಳಗೆ ಎಲ್ಲಾ ಅಲೆಯಾಡಿತು. ಮಂಡಿ ನಡುಗಿತು. ಓಡಬಾರದು ಅನ್ನುವುದು ನಮ್ಮ ಒಂದೇ ನಿಯಮ. ಭಯ ಏರಿದಾಗ ಓಡಿಹೋದರೆ, ಓಡಿದ್ದರಿಂದಲೇ ಬದುಕಿದೆ ಅಂತ ಮೈ ಕಲಿತುಬಿಡುತ್ತದೆ. ನಿಂತರೆ ತಾನಾಗಿ ಇಳಿಯುತ್ತದೆ. ಮಗಳು ಗಡಿಯಾರ ನೋಡಿದ್ದಳು. ಒಂಬತ್ತು ನಿಮಿಷ. ಕೆಳಗೆ ಕಾವೇರಿ ಕಂದು ಬಣ್ಣಕ್ಕೆ ತಿರುಗಿ ಹರಿಯುತ್ತಿದ್ದಳು. ಒಂಬತ್ತನೇ ನಿಮಿಷಕ್ಕೆ ನಾನು ನೀರನ್ನು ನೋಡುತ್ತಿದ್ದೇನೆ ಅಂತ ನನಗೇ ಗೊತ್ತಾಯಿತು.

ಆ ಅಕ್ಟೋಬರಿನಲ್ಲಿ ಮೈಸೂರು ದಸರಾ ವಸ್ತುಪ್ರದರ್ಶನದ ಜೈಂಟ್ ವೀಲ್. ಹತ್ತುವ ಮೊದಲು ಕೊಂಡಿಯನ್ನು ನಾನೇ ಎಳೆದು ನೋಡಿದೆ. ಮೇಲೆ ಹೋದಾಗ ಅರಮನೆಯ ದೀಪಗಳು ಕಂಡವು. ಅಳು ಬಂತು, ಇಳಿಯುವಷ್ಟರಲ್ಲಿ ನಿಂತಿತು.

ಮತ್ತೆ ಅದೇ ಪಾರ್ಕು, 2024ರ ಮೇ. ಸಾಲಿನಲ್ಲಿ ನಲವತ್ತು ನಿಮಿಷ. ಆ ಕಾಯುವಿಕೆಯೇ ದೊಡ್ಡ ಕಷ್ಟ. ಎರಡು ಸಲ ಹಿಂದೆ ತಿರುಗಿದೆ, ಎರಡು ಸಲವೂ ಮಗಳು ಏನೂ ಹೇಳದೆ ನಾನು ಏನು ಮಾಡುತ್ತೇನೆ ಅಂತ ಕಾದಳು. ನಾನೇ ಮುಂದೆ ತಿರುಗಿದೆ. "ಮೇಡಂ, ಕನ್ನಡಕ ತೆಗೀರಿ" ಅಂದ ಅಲ್ಲಿನ ಹುಡುಗ. ಬಾರ್ ಇಳಿಸಿ ಒಮ್ಮೆ ಒತ್ತಿದ, ಎತ್ತಿ ನೋಡಿದ, ಮತ್ತೊಮ್ಮೆ ಒತ್ತಿದ. ಅವನ ಬೆರಳಿನ ಉಗುರಿನಲ್ಲಿ ಅಪ್ಪನ ಉಗುರಿನಲ್ಲಿರುವಂಥದ್ದೇ ಗ್ರೀಸು. ಅದನ್ನು ನೋಡಿ ಎಷ್ಟು ಸಮಾಧಾನವಾಯಿತು ಅಂತ ಆ ಹುಡುಗನಿಗೆ ಹೇಳಬೇಕಿತ್ತು.

ಗಾಡಿ ಹೊರಟಿತು. ಟಕ್. ಟಕ್. ಟಕ್. ಕೈಕಾಲು ತಣ್ಣಗಾದವು. ಆಕಾಶ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮಗಳು ನನ್ನ ಕಿವಿಯ ಹತ್ತಿರ ಬಾಗಿದಳು.

"ಅಮ್ಮಾ, ಹ್ಯಾಂಡ್‌ಬ್ರೇಕ್."

ತುದಿಯಲ್ಲಿ ಸದ್ದು ನಿಂತಿತು. ದೂರದಲ್ಲಿ ಚಾಮುಂಡಿ ಬೆಟ್ಟ ಕಂಡಿತು, ಒಂದು ಕ್ಷಣ ಎಲ್ಲವೂ ನಿಶ್ಶಬ್ದ, ಆಮೇಲೆ ಹೊಟ್ಟೆ ಗಂಟಲಿಗೆ ಬಂತು. "ಅಪ್ಪಾ" ಅಂತ ಕೂಗಿದೆ, ಎಷ್ಟು ಜೋರಾಗಿ ಅಂದರೆ ಮುಂದಿನ ಸೀಟಿನವರು ಇಳಿದ ಮೇಲೆ ತಿರುಗಿ ನೋಡಿದರು. ಕೈಗೆ ಕೆಲಸ ಇರಲಿಲ್ಲ. ಇರಲಿಲ್ಲ, ಆದರೂ ಗಾಡಿ ಹಳಿಯನ್ನು ಹಿಡಿದುಕೊಂಡೇ ಓಡಿತು. ಎರಡನೇ ಇಳಿತದ ಹೊತ್ತಿಗೆ ಅದನ್ನು ಮೈ ನಂಬಿತ್ತು ಅನಿಸುತ್ತದೆ, ಏಕೆಂದರೆ ನಾನು ಕಣ್ಣು ಬಿಟ್ಟಿದ್ದೆ. ಮಗಳ ಕೂದಲು ನನ್ನ ಬಾಯಿಗೆ ಬರುತ್ತಿತ್ತು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇತ್ತು.

ಇಳಿದಾಗ ಕಾಲು ನಡುಗುತ್ತಿತ್ತು. ಮತ್ತೆ ಹತ್ತುತ್ತೀಯಾ ಅಂತ ಅಣ್ಣ ಕೇಳಿದ. ಇವತ್ತಿಗೆ ಇಷ್ಟು ಸಾಕು ಅಂದೆ. ತಲೆಕೆಳಗಾಗಿ ಸುತ್ತುವ ದೊಡ್ಡ ರೈಡು ಇನ್ನೊಂದು ಕಡೆ ಇತ್ತು, ಅದಕ್ಕೆ ಮಗಳು ಅಣ್ಣನ ಮಗಳ ಜೊತೆ ಹೊರಟಳು. ತನ್ನ ಬ್ಯಾಗು, ಚಪ್ಪಲಿ ತಂದು ನನ್ನ ಪಕ್ಕ ಇಟ್ಟಳು. ಕೈ ನೀಡಿ ಅವಳ ಮಣಿಕಟ್ಟು ಹಿಡಿಯಲು ಹೋದೆ. ಬಾಯಿಗೆ ಹುಷಾರು ಅಂತಲೂ ಬಂತು. ಬೆನ್ನು ತಟ್ಟಿದೆ.

ಅವಳು ಓಡಿದಳು. ಸ್ವಲ್ಪ ಹೊತ್ತಿಗೆ ಮರಗಳ ಆಚೆಯಿಂದ ಗಾಡಿ ಹತ್ತುವ ಸದ್ದು ಕೇಳಿಸತೊಡಗಿತು. ಬ್ಯಾಗುಗಳನ್ನು ಮಡಿಲಿಗೆ ಎಳೆದುಕೊಂಡು ಒಂದೊಂದನ್ನೇ ಎಣಿಸುತ್ತಾ ಕೂತೆ. ಟಕ್. ಟಕ್. ಟಕ್.